ಗ್ಯಾರೇಜ್ ಕಟ್ಟೆ: ಘಾಟಿ ಹತ್ತಲು ಟರ್ಬೊ ಒಂದೋ, ಎರಡೋ?

ಅಡಿಕೆಗೆ ಕೊಳೆ ಔಷಧಿ ಹೊಡೆದು ಮುಗಿಸಿ, ಮಳೆ ಬಿಡದೆ, ಮನೆಯಿಂದ ಹೊರಬೀಳಲಾಗದೆ ಕುಳಿತ ಹುಡುಗರು ಏನು ಮಾಡುತ್ತಾರೆ ಎಂಬುದು ಈ ತಿಂಗಳ ಪತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಜಪಾನಿನ ಕಾರುಗಳ ವಿಡಿಯೊ ನೋಡುತ್ತಾರೆ. ಬಂದ ಹನ್ನೊಂದು ಪತ್ರಗಳಲ್ಲಿ ಏಳು, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಬಗ್ಗೆಯೇ ಇವೆ. ಹಾಗಾಗಿ ಬ್ರೇಕಿನ ಕಿರಗುಟ್ಟುವಿಕೆ, ಎ.ಸಿ.ಯ ಮುಗ್ಗಲು ವಾಸನೆ ಎಲ್ಲ ಮುಂದಿನ ತಿಂಗಳಿಗೆ.

ಪ್ರಶ್ನೆ: ನನ್ನದು 2013ರ ಸ್ವಿಫ್ಟ್ ಡೀಸೆಲ್. ಆಗುಂಬೆ ಘಾಟಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಗಾಡಿ ಸತ್ತಂತಾಗುತ್ತದೆ. ಪರಿಚಯದ ಒಬ್ಬರು ದೊಡ್ಡ ಟರ್ಬೊ ಕೂರಿಸು ಎನ್ನುತ್ತಾರೆ. ಇನ್ನೊಬ್ಬರು, ಎರಡು ಸಣ್ಣ ಟರ್ಬೊ ಹಾಕಿದರೆ ಲ್ಯಾಗ್ (ಕಾಲು ಒತ್ತಿದ ಮೇಲೆ ಬಲ ಬರಲು ಆಗುವ ತಡ) ಇರುವುದಿಲ್ಲ ಎನ್ನುತ್ತಾರೆ. ಒಂದೂವರೆ ಲಕ್ಷದವರೆಗೆ ಖರ್ಚು ಮಾಡಲು ಸಿದ್ಧ. ಯಾವುದು ಸರಿ?
— ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಬೇಡ. ಇಷ್ಟೇ ಹೇಳಿ ಬಿಟ್ಟರೆ ನೀವು ಹೇಗೂ ಹಾಕಿಸುತ್ತೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ದೊಡ್ಡ ಟರ್ಬೊ ಏನು ಮಾಡುತ್ತದೆ ಎಂಬುದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಎಂಟು ವರ್ಷಗಳ ಹಿಂದೆ ನನ್ನದೇ ಸ್ವಿಫ್ಟಿಗೆ, ಗುಜರಿಯಲ್ಲಿ ಸಿಕ್ಕಿದ 2.2 ಲೀಟರ್ ಎಂಜಿನ್ನೊಂದರ ಟರ್ಬೊ ಕೂರಿಸಿದ್ದೆ. ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಮ್ಯಾನಿಫೋಲ್ಡಿಗೆ ಬೇಕಾದ ಅಡಾಪ್ಟರ್ ಪ್ಲೇಟನ್ನು ನಾನೇ ಕೊರೆದಿದ್ದೆ, ಆಯಿಲ್ ಪೈಪನ್ನು ನಾನೇ ಬೆಸುಗೆ ಹಾಕಿದ್ದೆ. ಗಾಜನೂರಿನ ಕಡೆ ಓಡಿಸಿ ನೋಡಿದಾಗ ಎಂಜಿನ್ ನಿಮಿಷಕ್ಕೆ 3000 ಸುತ್ತು ದಾಟಿದ ಮೇಲೆ ಗಾಡಿ ಹಾರಿದಂತೆ ಹೋಯಿತು. ಆ ಹುರುಪಿನಲ್ಲಿ ಭಾನುವಾರ ಆಗುಂಬೆ ಇಳಿದು, ಸೋಮೇಶ್ವರದಲ್ಲಿ ಚಹಾ ಕುಡಿದು, ವಾಪಸು ಹತ್ತಲು ಹೊರಟೆ. ಆ ಘಾಟಿಯಲ್ಲಿ 14 ತಿರುವುಗಳಿವೆ. ಮೂರನೆಯದರಲ್ಲೇ ಗಾಡಿ ಕುಸಿಯಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಹಿಂದಿನಿಂದ ಕಪ್ಪು ಹೊಗೆ ಬಂತೇ ಹೊರತು ಚಕ್ರಕ್ಕೆ ಬಲ ಬರಲಿಲ್ಲ. ಡೀಸೆಲ್ ಸುರಿಯುತ್ತಿತ್ತು, ಅದನ್ನು ಸುಡುವಷ್ಟು ಗಾಳಿ ಇರಲಿಲ್ಲ. ಹಿಂದೆ ಒಂದು ಮಿನಿ ಬಸ್ ಹಾರ್ನ್ ಹೊಡೆಯುತ್ತ ಮೂಗಿಗೆ ಬಂದು ನಿಂತಿತ್ತು. ಹಾಫ್ ಕ್ಲಚ್ಚಿನಲ್ಲಿ ತೆವಳಿಕೊಂಡು ತಿರುವು ಮುಗಿಸುವ ಹೊತ್ತಿಗೆ, ಸ್ಟಿಯರಿಂಗ್ ಇನ್ನೂ ನೇರವಾಗುವ ಮೊದಲೇ, ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಒಮ್ಮೆಲೇ ಬಂದು ಒದೆಯಿತು. ಜುಲೈ ತಿಂಗಳ ಒದ್ದೆ ರಸ್ತೆ. ಮುಂದಿನ ಚಕ್ರಗಳೆರಡೂ ಗರ್ರನೆ ತಿರುಗಿ ಗಾಡಿ ಸೀದಾ ತಡೆಗೋಡೆಯ ಕಡೆ ಜಾರಿತು. ಕಾಲು ತೆಗೆದೆ, ನಿಂತಿತು. ಬಂಪರಿಗೂ ಗೋಡೆಗೂ ಒಂದು ಗೇಣು ಅಂತರ. ಗೋಡೆಯ ಮೇಲೆ ಕುಳಿತಿದ್ದ ಮಂಗ ಎದ್ದು ಪಕ್ಕಕ್ಕೆ ಸರಿದು ಮತ್ತೆ ಕುಳಿತಿತು. ಮಿನಿ ಬಸ್ಸಿನ ಕಂಡಕ್ಟರ್ ಕೊಡೆ ಹಿಡಿದು ಇಳಿದು ಬಂದು, ‘ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು ಇದು?’ ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ.

ಆದದ್ದು ಇಷ್ಟು. ಟರ್ಬೊ ಎಂದರೆ ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಒಂದನ್ನು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ, ಇನ್ನೊಂದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಹೊಗೆ ಇದ್ದಷ್ಟೇ ಗಾಳಿ. ನಿಮ್ಮದು 1248 ಸಿಸಿ ಎಂಜಿನ್. ತಿರುವಿನಲ್ಲಿ ಎರಡನೇ ಗೇರಿನಲ್ಲಿ 20 ಕಿಲೋಮೀಟರ್ ವೇಗಕ್ಕೆ ಇಳಿದಾಗ ಎಂಜಿನ್ 1250 ಸುತ್ತಿನ ಆಸುಪಾಸಿನಲ್ಲಿರುತ್ತದೆ. ಎರಡು ಸುತ್ತಿಗೊಮ್ಮೆ ಸಿಲಿಂಡರುಗಳು ತುಂಬುವುದರಿಂದ ಆಗ ಅದು ನುಂಗುವ ಗಾಳಿ, ಟರ್ಬೊ ಒತ್ತಡ ಇಲ್ಲದಿರುವಾಗ, ನಿಮಿಷಕ್ಕೆ ಸುಮಾರು 780 ಲೀಟರ್. ಅದೇ 4000 ಸುತ್ತಿನಲ್ಲಿ 2500 ಲೀಟರ್. ಕಂಪನಿ ಕೊಟ್ಟ ಟರ್ಬೊ ಈ ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡದ್ದು. ಅದಕ್ಕೇ 190 ನ್ಯೂಟನ್ ಮೀಟರ್ ಎಳೆತ 2000 ಸುತ್ತಿಗೆ ಬರುತ್ತದೆ, ಅದರ ಕೆಳಗೆ ಗಾಡಿ ನಿದ್ದೆಯಲ್ಲಿರುತ್ತದೆ. ಚಕ್ರ ದೊಡ್ಡದಾದರೆ ನಿದ್ದೆ ಇನ್ನೂ ಗಾಢ. ಅದೇ ಆಕಾರದ ಚಕ್ರದ ಅಡ್ಡಳತೆ ಶೇ 10ರಷ್ಟು ಹೆಚ್ಚಾದರೆ ಅದರ ಜಡತೆ ಶೇ 60ರಷ್ಟು ಹೆಚ್ಚುತ್ತದೆ. ನಾನು ಹಾಕಿದ್ದು ಶೇ 10ಕ್ಕಿಂತ ಎಷ್ಟೋ ದೊಡ್ಡದು.

ಹಾಗಾದರೆ ಸಣ್ಣವು ಎರಡು ಹಾಕಿದರೆ? ನಿಮ್ಮ ಎರಡನೇ ಪರಿಚಯಸ್ಥರು ಮರೆತದ್ದು ಇಲ್ಲಿದೆ. ಎರಡು ಟರ್ಬೊಗಳನ್ನು ಪಕ್ಕಪಕ್ಕ ಕೂರಿಸಿದರೆ ಹೊಗೆಯೂ ಎರಡು ಪಾಲಾಗುತ್ತದೆ. ಎರಡು ಸಿಲಿಂಡರಿನ ಹೊಗೆ ಇದಕ್ಕೆ, ಇನ್ನೆರಡರದು ಅದಕ್ಕೆ. ಚಕ್ರ ಹಗುರವಾಯಿತು ನಿಜ, ತಳ್ಳುವವನೂ ಅರ್ಧವಾದ. ಒಂದು ಟರ್ಬೊಗೆ ಸಿಗುವುದು 624 ಸಿಸಿಯ ಹೊಗೆ. ಅಷ್ಟು ಸಣ್ಣ ಟರ್ಬೊಗಳು ಇಲ್ಲವೆಂದಲ್ಲ, ಜಪಾನಿನ 660 ಸಿಸಿಯ ಪುಟ್ಟ ಕಾರುಗಳಲ್ಲಿ ಇವೆ. ಆದರೆ ಟರ್ಬೊ ಸಣ್ಣದಾದಷ್ಟೂ ಅದರ ಚಕ್ರದ ಎಲೆಯ ತುದಿಗೂ ಗೂಡಿಗೂ ನಡುವಿನ ಸಂದು ಎಲೆಯ ಅಳತೆಗೆ ಹೋಲಿಸಿದರೆ ದೊಡ್ಡದಾಗುತ್ತದೆ, ಆ ಸಂದಿನಲ್ಲಿ ಹೊಗೆ ಸುಮ್ಮನೆ ಸೋರಿ ಹೋಗುತ್ತದೆ. ಅದರ ಮೇಲೆ ಎರಡು ಮ್ಯಾನಿಫೋಲ್ಡ್, ಎರಡು ಆಯಿಲ್ ಪೈಪ್, ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಎರಡು ವೇಸ್ಟ್‌ಗೇಟ್, ಎಲ್ಲವನ್ನೂ ಸ್ವಿಫ್ಟಿನ ಬಾನೆಟ್ಟಿನ ಕೆಳಗೆ ತುರುಕಬೇಕು. ಅಲ್ಲಿ ಈಗಲೇ ನನ್ನ ಕೈ ಹೋಗುವುದಿಲ್ಲ.

ನಾಲ್ಕು ಸಿಲಿಂಡರಿಗೆ ಎರಡು ಟರ್ಬೊ ಯಾರೂ ಹಾಕಿಲ್ಲವೇ? ಹಾಕಿದ್ದಾರೆ. ಮರ್ಸಿಡಿಸ್‌ನ ಓಎಂ651 ಡೀಸೆಲ್ ಎಂಜಿನ್ ಒಂದು ಉದಾಹರಣೆ. ಅಲ್ಲಿ ಅವು ಪಕ್ಕಪಕ್ಕ ಅಲ್ಲ, ಒಂದರ ಹಿಂದೆ ಒಂದು. ಕೆಳಗಿನ ಸುತ್ತಿನಲ್ಲಿ ನಾಲ್ಕೂ ಸಿಲಿಂಡರಿನ ಹೊಗೆ ಮೊದಲು ಸಣ್ಣದಕ್ಕೆ ಹೋಗುತ್ತದೆ, ವೇಗ ಹೆಚ್ಚಿದಂತೆ ಒಂದು ಕವಾಟ ತೆರೆದು ದೊಡ್ಡದಕ್ಕೆ ದಾರಿ ಬಿಡುತ್ತದೆ. ಅದು ಘಾಟಿಗೆ ಹೇಳಿ ಮಾಡಿಸಿದ ವ್ಯವಸ್ಥೆ, ಒಪ್ಪುತ್ತೇನೆ. ಆದರೆ ಆ ಕವಾಟವನ್ನು ಯಾವ ಗಳಿಗೆಗೆ ಎಷ್ಟು ತೆರೆಯಬೇಕು ಎಂಬುದನ್ನು ಹೇಳುವ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಿಮ್ಮ ಗಾಡಿಯಲ್ಲಿಲ್ಲ, ಅದರ ಪ್ರೋಗ್ರಾಂ ಬರೆಯುವವನು ಶಿವಮೊಗ್ಗದಲ್ಲಿಲ್ಲ.

ಇದೇ 1.3 ಲೀಟರ್ ಎಂಜಿನ್ನಿನ 90 ಪಿಎಸ್ (ಅಶ್ವಶಕ್ತಿ) ರೂಪದಲ್ಲಿ ಇರುವುದೂ ಒಂದೇ ಟರ್ಬೊ. ಹೊಗೆ ಬರುವ ದಾರಿಯಲ್ಲಿ ಕಿಟಕಿಯ ಪಟ್ಟಿಗಳಂತೆ ತಿರುಗುವ ಎಲೆಗಳಿದ್ದು, ಹೊಗೆ ಕಡಿಮೆಯಿದ್ದಾಗ ಸಂದು ಕಿರಿದಾಗಿ ರಭಸ ಹೆಚ್ಚುತ್ತದೆ, ಹೊಗೆ ಹೆಚ್ಚಾದಾಗ ಅಗಲವಾಗುತ್ತದೆ. ವಿಜಿಟಿ ಎನ್ನುವುದು ಅದನ್ನೇ. ನನ್ನನ್ನು ಕೇಳಿದರೆ ರಸ್ತೆಯ ಡೀಸೆಲ್ ಕಾರಿಗೆ ಎರಡನೇ ಟರ್ಬೊ ಎಂದರೆ ಈ ಎಲೆಗಳೇ. ಅದನ್ನೂ ನಿಮ್ಮ 75 ಪಿಎಸ್ ಗಾಡಿಗೆ ತಂದು ಕೂರಿಸಿದರೆ ಕೆಲಸ ಮಾಡದು, ಎಲೆಗಳನ್ನು ಆಡಿಸುವ ಆಜ್ಞೆ ಬೇಕಲ್ಲ. ಅಂಥ ಗಾಡಿಯನ್ನೇ ಹುಡುಕಿ ಕೊಳ್ಳುವುದು ಒಂದೂವರೆ ಲಕ್ಷದ ಸರಿಯಾದ ಉಪಯೋಗ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ‘ಘಾಟಿಯಲ್ಲಿ ಸತ್ತಂತಾಗುತ್ತದೆ’ ಎಂದು ನನ್ನ ಬಳಿ ಬರುವ ಹಳೆಯ ಸ್ವಿಫ್ಟುಗಳಲ್ಲಿ ಹೆಚ್ಚಿನವಕ್ಕೆ ಟರ್ಬೊ ಸರಿಯಾಗಿಯೇ ಇರುತ್ತದೆ, ಟರ್ಬೊದಿಂದ, ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿರುತ್ತದೆ. ನಿಂತಿರುವಾಗ ಕಾಣುವುದಿಲ್ಲ, ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಹೋಸನ್ನು ಕಳಚಿ ಬೆರಳಿನಿಂದ ಮಡಚಿ ನೋಡಿ. ಹೊರಗೆ ಎಣ್ಣೆ ಮೆತ್ತಿ ಧೂಳು ಕೂತ ಜಾಗವೇ ಸೀಳು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಕವಾಟದಲ್ಲಿ ಕಟ್ಟಿದ ಮಸಿಯನ್ನು ತೆಗೆಸಿ. ಏರ್ ಫಿಲ್ಟರ್ ತೆರೆದು ನೋಡಿ, ಕಳೆದ ತಿಂಗಳು ಒಂದರಲ್ಲಿ ಇಲಿ ಗೂಡು ಕಟ್ಟಿ ಅಡಿಕೆ ಸಿಪ್ಪೆಯ ಹಾಸಿಗೆ ಹಾಕಿಕೊಂಡಿತ್ತು. ಇಷ್ಟೆಲ್ಲ ಆದ ಮೇಲೂ ತಿರುವಿನಲ್ಲಿ ಸೊರಗಿದರೆ, ತಿರುವಿಗೆ ಹೊಕ್ಕುವ ಮೊದಲೇ ಒಂದನೇ ಗೇರಿಗೆ ಇಳಿಯಿರಿ. ಎರಡನೇ ಗೇರಿನಲ್ಲೇ ಹತ್ತಬೇಕು ಎಂದು ಯಾರೂ ಹರಕೆ ಹೊತ್ತಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದಕ್ಕೇ ಹೀಗೆ ಎಂದು ಕೆಲವರು ಹೇಳುತ್ತಾರೆ. ಆಗುಂಬೆ ಇರುವುದು 640 ಮೀಟರ್ ಆಸುಪಾಸಿನಲ್ಲಿ, ಗಾಳಿಯ ಒತ್ತಡ ಕಡಿಮೆಯಾಗುವುದು ಶೇ 7ರಷ್ಟು. ನಿಮ್ಮ ಗಾಡಿಯನ್ನು ಕೊಲ್ಲುತ್ತಿರುವುದು ಅದಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಟೊಯೋಟ ಸುಪ್ರಾ ಕಾರಿನಲ್ಲಿ ಕಂಪನಿಯೇ ಎರಡು ಟರ್ಬೊ ಕೊಟ್ಟಿದ್ದರೂ ಕೊಂಡವರು ಅವನ್ನು ಕಿತ್ತು ಒಂದೇ ದೊಡ್ಡದನ್ನು ಹಾಕುತ್ತಾರಲ್ಲ, ಏಕೆ? ಎರಡು ಒಂದಕ್ಕಿಂತ ಹೆಚ್ಚಲ್ಲವೇ?
— ಓದುಗರು, ಸಾಗರ

ಉತ್ತರ: ಎರಡು ಒಂದಕ್ಕಿಂತ ಹೆಚ್ಚು ಎಂಬುದು ಲೆಕ್ಕದ ಪುಸ್ತಕದಲ್ಲಿ. ಟರ್ಬೊ ವಿಷಯದಲ್ಲಿ ‘ಎರಡು’ ಎಂದರೆ ಹೇಗೆ ಎರಡು ಎಂದು ಕೇಳಬೇಕು.

ನೀವು ಹೇಳುವುದು 1993ರಲ್ಲಿ ಬಂದ ಸುಪ್ರಾ, ಅದರ 2ಜೆಝಡ್-ಜಿಟಿಇ ಎಂಜಿನ್. ಸಾಲಾಗಿ ಆರು ಸಿಲಿಂಡರ್, 3 ಲೀಟರ್, ಎರಕದ ಕಬ್ಬಿಣದ ಬ್ಲಾಕ್. ಅದರ ಎರಡು ಟರ್ಬೊಗಳು ಒಂದೇ ಅಳತೆಯವು, ಆದರೆ ಸರದಿಯ ಮೇಲೆ ಕೆಲಸಕ್ಕೆ ಇಳಿಯುತ್ತವೆ. ಮೊದಲು ಆರೂ ಸಿಲಿಂಡರಿನ ಹೊಗೆ ಒಂದಕ್ಕೇ. 4000 ಸುತ್ತಿನ ಹೊತ್ತಿಗೆ ಎರಡನೆಯದೂ ಸೇರಿಕೊಳ್ಳುತ್ತದೆ. ತೀರ್ಥಹಳ್ಳಿಯವರಿಗೆ ಹೇಳಿದ ಪಕ್ಕಪಕ್ಕದ ಜೋಡಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಇಲ್ಲಿ ಹೊಗೆಯನ್ನು ಹಂಚುವುದಿಲ್ಲ, ಸರದಿ ಬರುವವರೆಗೆ ಒಂದಕ್ಕೇ ಉಣಿಸುತ್ತಾರೆ. ನಿಸ್ಸಾನಿನ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಎಂಜಿನ್ನಿನಲ್ಲಿ ಹಂಚುತ್ತಾರೆ, ಮೂರು ಸಿಲಿಂಡರಿಗೆ ಒಂದರಂತೆ. ಆಚೆಗೆ ಎರಡನ್ನೂ ‘ಟ್ವಿನ್ ಟರ್ಬೊ’ ಎಂದೇ ಮಾರಿದರು.

ಸುಪ್ರಾದ ಈ ಸರದಿಯನ್ನು ನಡೆಸುವುದು ಕವಾಟಗಳು, ಆ ಕವಾಟಗಳನ್ನು ನಡೆಸುವುದು ಬೆರಳಿಗಿಂತ ಸಪೂರದ ರಬ್ಬರ್ ಕೊಳವೆಗಳು. ಆ ಎಂಜಿನ್ನಿನ ವ್ಯಾಕ್ಯೂಮ್ ಕೊಳವೆಗಳ ನಕ್ಷೆಯನ್ನು ನಾನು ಒಮ್ಮೆ ನೋಡಿದ್ದೇನೆ, ಆಲದ ಮರದ ಬೇರು. ಒಂದು ಕೊಳವೆ ಬಿರುಕು ಬಿಟ್ಟರೆ ಎರಡನೇ ಟರ್ಬೊ ಸರದಿಗೆ ಬರುವುದಿಲ್ಲ, ಯಾವುದು ಬಿರುಕು ಬಿಟ್ಟಿದೆ ಎಂದು ಹುಡುಕಲು ಒಂದು ದಿನ ಬೇಕು. ಮೂವತ್ತು ವರ್ಷ ಹಳೆಯ ರಬ್ಬರ್ ಬೇರೆ. ನಮ್ಮ ಕಡೆಯ ಅಡಿಕೆ ಕೊಟ್ಟಿಗೆಯಲ್ಲಿ ಅಂಥ ಕಾರನ್ನು ಒಂದು ಮಳೆಗಾಲ ನಿಲ್ಲಿಸಿದರೆ ಸಾಕು, ಮಿಕ್ಕದ್ದನ್ನು ಇಲಿಗಳೇ ನೋಡಿಕೊಳ್ಳುತ್ತವೆ. ಜೊತೆಗೆ ಜಪಾನಿನ ಮಾರುಕಟ್ಟೆಯ ಗಾಡಿಗಳಲ್ಲಿ ಟರ್ಬೈನ್ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ತಿರುಗುತ್ತದೆ. ಬೂಸ್ಟ್ ಹೆಚ್ಚಿಸಿದರೆ ಒಡೆಯುತ್ತದೆ. ಎಂಜಿನ್ ಇನ್ನೂ ಎರಡು ಪಟ್ಟು ತಡೆದುಕೊಳ್ಳಲು ಸಿದ್ಧವಿದ್ದು ಟರ್ಬೊಗಳೇ ಕೈಕೊಡುತ್ತವೆ ಎಂದಾದಾಗ ಜನ ಅವನ್ನು ಕಿತ್ತು ಒಂದು ದೊಡ್ಡದನ್ನು ಕೂರಿಸಿದರು. ಕೆಳಗಿನ ಸುತ್ತಿನ ಎಳೆತ ಹೋಯಿತು, ಮೇಲಿನ ಬಲ ಬಂತು. ನೇರ ಪಟ್ಟಿಯ ಮೇಲೆ ಓಡಿಸುವವನಿಗೆ ಅದು ಲಾಭ. ಜೋಗದಿಂದ ಕಾರ್ಗಲ್ಲಿಗೆ ಹೋಗುವವನಿಗೆ ನಷ್ಟ.

ಎಂಜಿನಿಯರಿಂಗ್ ಓದುತ್ತಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ಒಂದೇ ಟರ್ಬೊ ಇಟ್ಟುಕೊಂಡು ಎರಡರ ಗುಣ ಪಡೆಯುವ ಉಪಾಯವೊಂದಿದೆ, ಟ್ವಿನ್ ಸ್ಕ್ರೋಲ್. ತೋಟದ ನೀರು ಬಸಿಯುವ ಕಾದಿಗೆ ನಿಮಗೆ ಗೊತ್ತು. ಎರಡು ಕಡೆಯ ನೀರು ಒಂದೇ ಹೊತ್ತಿಗೆ ಒಂದೇ ಕಾದಿಗೆಗೆ ಬಿದ್ದರೆ ಒಂದು ಇನ್ನೊಂದನ್ನು ಹಿಂದಕ್ಕೆ ನೂಕುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಒಂದು ಸಿಲಿಂಡರ್ ಖಾಲಿಯಾಗಿ ಮುಗಿಯುವ ಮೊದಲೇ ಮುಂದಿನದು ರಭಸದಿಂದ ಹೊಗೆ ಬಿಟ್ಟರೆ ಅದು ಮೊದಲನೆಯದರ ಬಾಯಿಗೆ ನುಗ್ಗುತ್ತದೆ. ನಾಲ್ಕು ಸಿಲಿಂಡರ್ 1-3-4-2 ಕ್ರಮದಲ್ಲಿ ಉರಿಯುವುದರಿಂದ ಒಂದು ಮತ್ತು ನಾಲ್ಕನ್ನು ಒಂದು ಕೊಳವೆಗೆ, ಎರಡು ಮತ್ತು ಮೂರನ್ನು ಇನ್ನೊಂದಕ್ಕೆ ಸೇರಿಸಿ, ಟರ್ಬೈನ್ ಚಕ್ರದ ಬಾಯಿಯ ತನಕ ಎರಡನ್ನೂ ಬೇರೆಯಾಗಿಯೇ ಒಯ್ಯುತ್ತಾರೆ. ಗುದ್ದು ಗುದ್ದಾಗಿ ಬಂದ ಹೊಗೆ ಗುದ್ದಿನ ಬಲ ಕಳೆದುಕೊಳ್ಳದೆ ಚಕ್ರವನ್ನು ತಟ್ಟುತ್ತದೆ. ಬಿಎಂಡಬ್ಲ್ಯು ತನ್ನ ಆರು ಸಿಲಿಂಡರಿನ ಎನ್54 ಎಂಜಿನ್ನಿಗೆ 2006ರಲ್ಲಿ ಎರಡು ಟರ್ಬೊ ಕೊಟ್ಟಿತ್ತು. 2009ರಲ್ಲಿ ಬಂದ ಎನ್55ರಲ್ಲಿ ಅವನ್ನು ತೆಗೆದು ಇಂಥ ಒಂದನ್ನೇ ಇಟ್ಟಿತು. ಹೆಸರು ಮಾತ್ರ ‘ಟ್ವಿನ್‌ಪವರ್ ಟರ್ಬೊ’. ಮುಚ್ಚಳದ ಮೇಲಿನ ಅಕ್ಷರ ನೋಡಿ ಟರ್ಬೊ ಎಣಿಸಬೇಡಿ. ನಿಮ್ಮ ಸುಪ್ರಾದ ಕತೆಯೂ ಅಲ್ಲಿಗೇ ಬಂದು ನಿಂತಿತು. 2019ರ ಹೊಸ ಸುಪ್ರಾದ 3 ಲೀಟರ್ ಎಂಜಿನ್ ಬಿಎಂಡಬ್ಲ್ಯುವಿನದು, ಟರ್ಬೊ ಒಂದೇ, ಟ್ವಿನ್ ಸ್ಕ್ರೋಲ್.

ಪ್ರಶ್ನೆ: ನಮ್ಮ ಎಸ್ಟೇಟ್ ಮಾಲೀಕರ ಲ್ಯಾಂಡ್ ಕ್ರೂಸರಿನಲ್ಲಿ ಎರಡು ಟರ್ಬೊ ಇವೆ. ಅದು ತಪ್ಪೇ?
— ಓದುಗರು, ಕೊಪ್ಪ

ಉತ್ತರ: ತಪ್ಪಲ್ಲ. ಅದು 200 ಸರಣಿಯ 4.5 ಲೀಟರ್ ಡೀಸೆಲ್ ಆಗಿದ್ದರೆ ವಿ8, ನಾಲ್ಕು ಸಿಲಿಂಡರ್ ಈ ಕಡೆ, ನಾಲ್ಕು ಆ ಕಡೆ. ಎರಡೂ ಕಡೆಯ ಹೊಗೆಯನ್ನು ಎಂಜಿನ್ ಸುತ್ತಿಸಿ ಒಂದೇ ಕಡೆಗೆ ಎಳೆದರೆ ದಾರಿಯಲ್ಲೇ ತಣ್ಣಗಾಗಿ ಬಲ ಕಳೆದುಕೊಳ್ಳುತ್ತದೆ. ಕಡೆಗೊಂದು ಟರ್ಬೊ ಇಡುವುದು ಅಲ್ಲಿ ಸಹಜ. ಸ್ವಾರಸ್ಯವೆಂದರೆ ಇದೇ ಎಂಜಿನ್ನನ್ನು ಟೊಯೋಟ ತನ್ನ 70 ಸರಣಿಯ ದುಡಿಯುವ ಗಾಡಿಗಳಿಗೆ ಕೊಟ್ಟಾಗ ಒಂದೇ ಟರ್ಬೊ ಇಟ್ಟಿತು. ಎಳೆತ 650 ನ್ಯೂಟನ್ ಮೀಟರಿನಿಂದ 430ಕ್ಕೆ ಇಳಿಯಿತು, ಕೆಡುವ ಸಾಮಾನೂ ಕಡಿಮೆಯಾಯಿತು. ಮಾಲೀಕರಿಗೆ ಎರಡು, ಕೂಲಿಗೆ ಒಂದು.

ಪ್ರಶ್ನೆ: ಇನ್ನೋವಾ ಬಾಡಿಗೆಗೆ ಓಡಿಸುತ್ತೇನೆ. ಹುಲಿಕಲ್ ಘಾಟಿ ಹತ್ತಿ ಮಾಸ್ತಿಕಟ್ಟೆಯಲ್ಲಿ ಕಾಫಿಗೆ ನಿಲ್ಲಿಸುವುದು ರೂಢಿ. ಎರಡು ಸಲ ಟರ್ಬೊ ಬದಲಿಸಿದ್ದಾಯಿತು. ಗಾಡಿಯ ದೋಷವೇ?
— ಓದುಗರು, ಹೊಸನಗರ

ಉತ್ತರ: ಕಾಫಿಯ ದೋಷ. ಘಾಟಿ ಹತ್ತುವಾಗ ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ, ಹೊಗೆಯ ಬದಿ ಕೆಂಡದಂತೆ ಕಾದಿರುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಎಣ್ಣೆಯ ಒಂದು ತೆಳು ಪೊರೆ. ನಿಂತ ತಕ್ಷಣ ಕೀ ತಿರುಗಿಸಿದರೆ ಆಯಿಲ್ ಪಂಪ್ ನಿಲ್ಲುತ್ತದೆ, ಒಳಗೆ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಬುಷ್ ಕೊರೆಯುತ್ತದೆ. ಒಂದೆರಡು ನಿಮಿಷ ಸುಮ್ಮನೆ ಐಡಲ್ ಬಿಡಿ, ಆಮೇಲೆ ಆಫ್ ಮಾಡಿ. ಆಫ್ ಮಾಡುವ ಮೊದಲು ಒಮ್ಮೆ ಗುರ್ರ್ ಎನಿಸುವ ಹಳೆಯ ಲಾರಿ ಅಭ್ಯಾಸವಿದ್ದರೆ ಬಿಡಿ.

ಪ್ರಶ್ನೆ: ಟರ್ಬೊ ಬದಲಿಸಿದರೆ ಆರ್‌ಟಿಒ ತೊಂದರೆ ಇದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಅದೇ ಕಂಪನಿಯ ಅದೇ ನಮೂನೆಯ ಹೊಸ ಟರ್ಬೊ ಹಾಕಿದರೆ ಅದು ದುರಸ್ತಿ, ಯಾರೂ ಕೇಳುವುದಿಲ್ಲ. ಬೇರೆಯದನ್ನು ಹಾಕಿದರೆ ಅದು ಮಾರ್ಪಾಡು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡಕ್ಕಿಂತ ವಿಮೆ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಅಪಘಾತವಾದ ಮೇಲೆ ಸರ್ವೇಯರ್ ಬಾನೆಟ್ ತೆರೆದು ಕೈಯಲ್ಲಿ ಬೆಸೆದ ಪೈಪ್ ನೋಡಿದರೆ, ಪರಿಹಾರದ ಮಾತು ಅಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. ನನ್ನ ಆ ಸ್ವಿಫ್ಟಿಗೆ ಮಾರನೆಯ ದಿನವೇ ಹಳೆಯ ಟರ್ಬೊ ಮರಳಿ ಹಾಕಿದ್ದಕ್ಕೆ ತಡೆಗೋಡೆಯೊಂದೇ ಕಾರಣವಲ್ಲ.

ಪ್ರಶ್ನೆ: ಡೀಸೆಲ್ ಬೊಲೆರೊಗೆ ‘ಪ್ಶ್’ ಎಂದು ಶಬ್ದ ಬರುವ ಬ್ಲೋ-ಆಫ್ ವಾಲ್ವ್ ಹಾಕಿಸಿದರೆ ಟರ್ಬೊಗೆ ಒಳ್ಳೆಯದಂತೆ, ಹೌದೇ?
— ಓದುಗರು, ರಿಪ್ಪನ್‌ಪೇಟೆ

ಉತ್ತರ: ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಮುಚ್ಚಿಕೊಳ್ಳುತ್ತದೆ. ಟರ್ಬೊ ತಳ್ಳುತ್ತಿದ್ದ ಗಾಳಿಗೆ ದಾರಿಯಿಲ್ಲದೆ ಅದು ಚಕ್ರಕ್ಕೇ ತಿರುಗಿ ಹೊಡೆಯುತ್ತದೆ, ಅದಕ್ಕೆ ಆ ವಾಲ್ವ್ ಬೇಕು. ಡೀಸೆಲ್ಲಿನಲ್ಲಿ ಕಾಲು ತೆಗೆದರೆ ಡೀಸೆಲ್ ಕಡಿಮೆಯಾಗುತ್ತದೆಯೇ ಹೊರತು ಗಾಳಿಯ ದಾರಿ ತೆರೆದೇ ಇರುತ್ತದೆ. ಬಿಡಬೇಕಾದ ಗಾಳಿ ಇಲ್ಲದ ಕಡೆ ವಾಲ್ವ್ ಹಾಕಿ ಶಬ್ದ ಮಾಡಿಸಿದರೆ, ಎಂಜಿನ್ನಿಗೆ ಹೋಗಬೇಕಾದ ಗಾಳಿಯನ್ನೇ ಹೊರಗೆ ಚೆಲ್ಲಿದಂತೆ. ಸಾಗರ ರಸ್ತೆಯಲ್ಲಿ ನಮ್ಮ ಗ್ಯಾರೇಜಿನ ಮುಂದೆ ಅಂಥದ್ದೊಂದು ಗಾಡಿ ದಿನಾ ಸಂಜೆ ಹೋಗುತ್ತದೆ. ಮೊದಲ ವಾರ ನಮ್ಮ ನಾಯಿ ಅದಕ್ಕೆ ಬೊಗಳುತ್ತಿತ್ತು. ಈಗ ತಲೆಯನ್ನೂ ಎತ್ತುವುದಿಲ್ಲ.